ಗುಲಾಬಿ ದಾಟುತ್ತಿದ್ದ ರಸ್ತೆ

ಗುಲಾಬಿಯ ಮನೆಗೆ ನಾನು ಹೋದದ್ದು ಕ್ಷಮೆ ಕೇಳಲಿಕ್ಕಲ್ಲ. ಬೈಂದೂರಿನಲ್ಲಿ ಇನ್ನೊಂದು ಧರಣಿ ಇತ್ತು. ಅವಳನ್ನು ಕರಕೊಂಡು ಹೋಗಿ ಎದುರು ಸಾಲಿನಲ್ಲಿ ಕೂರಿಸುವ ಅಂತ ಹೋದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದ್ದು ಓದಿ ನನ್ನನ್ನು ಒಳ್ಳೆ ಹೆಂಗಸು ಅಂದುಕೊಳ್ಳುವ ಅಪಾಯ ಇದೆ.

ತಲ್ಲೂರಿನ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಅವಳ ಮನೆ. ಬೆಳಿಗ್ಗೆ ಹನ್ನೊಂದು ಗಂಟೆ. ಆ ಹೊತ್ತಿಗೆ ಅವಳು ರಸ್ತೆಯ ಆಚೆ ಬದಿಯ ಗೇರುಬೀಜದ ಫ್ಯಾಕ್ಟರಿಯಲ್ಲಿ ಇರಬೇಕು. ಮನೆಯವರ ಹತ್ತಿರ ಒಂದು ಮಾತು ಹೇಳಿ ಹೋಗುವ ಅಂತ ಬಂದವಳು ನಾನು. ನೋಡಿದರೆ ಜಗಲಿಯಲ್ಲಿ ಕಾಲು ಚಾಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಪಕ್ಕದಲ್ಲಿ ಸುಲಿದದ್ದು ಒಂದು ಬಾಲ್ದಿ, ಸುಲಿಯಲಿಕ್ಕಿರುವುದು ಅರ್ಧ ಗೋಣಿ.

ನನ್ನ ಎಡಗಾಲು ಹಿಂದೊಮ್ಮೆ ಲಾಠಿ ತಿಂದಾಗಿನಿಂದ ಎಳೆಯುತ್ತದೆ. ಚಪ್ಪಲಿ ನೆಲಕ್ಕೆ ಒರೆಸಿಕೊಂಡೇ ಬರುವುದು. ಆ ಶಬ್ದಕ್ಕೇ ಅವಳು, "ವನಜಕ್ಕನಾ?" ಅಂದಳು.

"ಹೌದ್ ಮಾರಾಯ್ತಿ. ಇವತ್ತ್ ರಜೆಯಾ?"

"ರಜೆಯೆ. ಹದಿನಾಲ್ಕ್ ತಿಂಗ್ಳಾಯ್ತ್ ರಜೆ ಸಿಕ್ಕಿ."

ನಾನು ಕೂತೆ. ಬೈಂದೂರಿನ ವಿಷಯ ಬಾಯಿಯಲ್ಲೇ ಉಳಿಯಿತು.

ಗುಲಾಬಿಗೆ ಈಗ ನಲವತ್ತಮೂರು. ಗದ್ದೆ ತೋಟ ಇದ್ದ ಶೆಟ್ಟರ ಮನೆ. ಅಣ್ಣ ಗುಣಪಾಲ ಮುಂಬೈಯಲ್ಲಿ ಹೋಟೆಲು ಮಾಡಿ, ಈಗ ಊರಲ್ಲೂ ಹೆದ್ದಾರಿ ಬದಿಗೆ ಒಂದು ಊಟದ ಹೋಟೆಲು ಇಟ್ಟಿದ್ದಾನೆ. ಇವಳಿಗೆ ಸಣ್ಣದರಲ್ಲಿ ಮುಸ್ಸಂಜೆಯಾದರೆ ಕಣ್ಣು ಮಂಜು. ಹದಿನೇಳಕ್ಕೆ ಅಕ್ಕಪಕ್ಕದ್ದು ಕಾಣುವುದು ನಿಂತಿತು, ಇಪ್ಪತ್ತೆರಡಕ್ಕೆ ಬೆಳಕು ಯಾವುದು ಕತ್ತಲೆ ಯಾವುದು ಅಂತ ಮಾತ್ರ ಉಳಿಯಿತು. ಮನೆಯವರು ಕೆಟ್ಟವರಲ್ಲ. ಮದುವೆ ಮುಂಜಿಗೆ ಹೋಗುವಾಗ ಟಿವಿ ಹಾಕಿ, ಅನ್ನ ಬಡಿಸಿ ಮುಚ್ಚಿಟ್ಟು, ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು, ಅಷ್ಟೆ.

ಮೂವತ್ತೊಂದು ವರ್ಷ ಆದಾಗ ಒಂದು ದಿನ ಅವಳೊಬ್ಬಳೇ ಬಸ್ಸು ಹತ್ತಿ ಕುಂದಾಪುರದ ನಮ್ಮ ಯೂನಿಯನ್ ಆಫೀಸಿಗೆ ಬಂದಳು. ಗೇರುಬೀಜದ ಹೆಂಗಸರ ಯೂನಿಯನ್ ಆಗ ನನ್ನ ಕೈಯಲ್ಲಿತ್ತು.

"ನಂಗೊಂದ್ ಕೆಲ್ಸ ಬೇಕ್," ಅಂದಳು.

"ಎಂತ ಕೆಲ್ಸ ಮಾಡ್ತಿ ನೀನ್?"

"ಕೈ ಇತ್ತಲೆ."

ಆ ಮಾತಿಗೆ ನಾನು ಸೋತೆ. ಫ್ಯಾಕ್ಟರಿಗೆ ಕರಕೊಂಡು ಹೋದರೆ ಆಗಿನ ಮ್ಯಾನೇಜರ್ ನಕ್ಕ. ನಾನು ಅವನ ಮೇಜಿನ ಎದುರು ಕುರ್ಚಿ ಎಳೆದು ಕೂತು, ಏಳುವುದಿಲ್ಲ ಅಂದೆ. ಕಾಟ ತಪ್ಪಲಿ ಅಂತ ಅವನು ಒಂದು ಟ್ರೇ ಬೀಜ ತರಿಸಿ ಅವಳ ಮುಂದೆ ಇಟ್ಟ. ಬೇಯಿಸಿ ಒಣಗಿಸಿದ, ತೆಳು ಸಿಪ್ಪೆ ಇನ್ನೂ ಬಿಡದ ಬೀಜ. ಗುಲಾಬಿ ಸುಲಿದು ಇಡಿ ಬೀಜ ಒಂದು ಕಡೆ, ಹೋಳು ಒಂದು ಕಡೆ, ಚೂರು ಒಂದು ಕಡೆ ಮಾಡಿದಳು. ಅವನು ಕನ್ನಡಕ ಏರಿಸಿ ಹುಡುಕಿ, "ಇಡಿಯಲ್ಲಿ ಎರಡು ಒಡಕು ಸೇರಿದೆ" ಅಂದ. ಅವಳು, "ಮೂರ್. ಇನ್ನೊಂದ್ ಒಳ್ಗೆ ಬಿಟ್ಟಿತ್ತ್, ಒತ್ತಿ ಕಾಣಿ," ಅಂದಳು. ಒತ್ತಿದ. ಬೀಜ ಎರಡಾಯಿತು. ಮಾರನೆ ದಿನದಿಂದ ಕೆಲಸ.

ಮೊದಲು ಬಾಗಿ ಅನ್ನುವ ಅತ್ತಿಗೆ, ಗುಣಪಾಲನ ಹೆಂಡತಿ, ಹದಿನೈದು ದಿನ ಜೊತೆಗೆ ಹೋದಳು. ಆಮೇಲೆ ಗುಲಾಬಿ ಬೇಡ ಅಂದಳು. ಮನೆಯಿಂದ ಮೋರಿಯ ತನಕ ನಾನ್ನೂರ ಹತ್ತು ಹೆಜ್ಜೆ. ಮೋರಿಯ ಕಟ್ಟೆಗೆ ಕೋಲು ತಾಗಿದರೆ ಎಡಕ್ಕೆ ತಿರುಗಿ ಡಾಂಬರಿನ ಅಂಚು. ಅಲ್ಲಿ ನಿಂತು ಕಿವಿ ಕೊಡುವುದು. ಕುಂದಾಪುರ ಕಡೆಯ ಲಾರಿ ಸೇತುವೆ ಇಳಿದ ಮೇಲೆ ಗಿಯರ್ ಬದಲಿಸುತ್ತದೆ. ಆ ಶಬ್ದ ಎದ್ದಲ್ಲಿಂದ ತನ್ನ ಹತ್ತಿರ ಮುಟ್ಟಲಿಕ್ಕೆ ಎಷ್ಟು ಉಸಿರು ಅಂತ ಅವಳಿಗೆ ಗೊತ್ತು. ಒಂದು ಗಾಡಿಗೂ ಇನ್ನೊಂದಕ್ಕೂ ನಡುವೆ ಶಬ್ದದಲ್ಲಿ ಒಂದು ತೂತು ಬೀಳುತ್ತದಂತೆ. "ಆ ತೂತಲ್ಲಿ ಹೋಪುದ್ ವನಜಕ್ಕ, ಮತ್ತೆಂತ ಇಲ್ಲೆ," ಅನ್ನುತ್ತಿದ್ದಳು. ನಡುವಿನ ಡಿವೈಡರ್ ತುಂಡಾದ ಜಾಗದಲ್ಲಿ ನಿಲ್ಲುವುದು, ಆಚೆ ಬದಿಯ ತೂತಿಗೆ ಕಾಯುವುದು, ದಾಟುವುದು. ಹನ್ನೊಂದು ವರ್ಷ. ಒಂದು ಗೀರು ಬಿದ್ದವಳಲ್ಲ. ಅದೇ ಜಾಗದಲ್ಲಿ ಎರಡು ಕಣ್ಣಿದ್ದ ನಾಲ್ಕು ಜನ ಸತ್ತಿದ್ದರು.

ಆ ಸಾವುಗಳಿಂದಲೇ ನಮ್ಮ ಹೋರಾಟ ಎದ್ದದ್ದು. ನಮಗೆ ಅಂಡರ್‌ಪಾಸ್ ಬೇಕು, ಸರ್ವಿಸ್ ರೋಡ್ ಬೇಕು. ಮನವಿ ಬರೆದವಳು ನಾನು. ರಸ್ತೆ ತಡೆಗೆ ಹತ್ತು ದಿನ ಇರುವಾಗ ಗುಲಾಬಿ ನನ್ನ ಹತ್ತಿರ ಬಂದು, "ವನಜಕ್ಕ, ನಂದೊಂದ್ ಬೇಡ್ಕೆ ಬರೀನಿ," ಅಂದಳು.

"ಹೇಳ್."

"ಈ ಕರೆಂಟ್ ಸ್ಕೂಟ್ರ್ ಬಂದಿತ್ತಲೆ, ಅದ್ ಮೈಮೇಲ್ ಬಂದ್ರೂ ನಂಗೆ ಕೇಣ್ತಿಲ್ಲೆ. ಶಾಲಿ ಹತ್ರ ರಸ್ತಿಗೆ ಅಡ್ಡ ದಪ್ಪ ಪಟ್ಟಿ ಹಾಕಿದ್ರಲೆ, ಚಕ್ರ ಹತ್ತಿದ್ರೆ ಡರ್ರ್ ಅಂತ್ತ್. ಹಂಗಿದ್ದ್ ಈ ದಾಟು ಜಾಗದ ಎರ್ಡೂ ಬದಿಗೆ ಹಾಕ್ಸಿ. ಸಾಕ್ ನಂಗೆ."

"ಅಂಡರ್‌ಪಾಸೇ ಬತ್ತ್ ಅಂಬಾಗ ನಿನ್ನ ಡರ್ರ್ ಪಟ್ಟಿ ಎಂತಕ್ಕೆ?" ಅಂತ ನಾನು ನಕ್ಕೆ. ಬರೆಯಲಿಲ್ಲ. ಮನವಿಯಲ್ಲಿ ಹದಿನೇಳು ಬೇಡಿಕೆ ಇತ್ತು. ಬಸ್ ಸ್ಟಾಪಿನ ಹೆಸರು ಬದಲಿಸಬೇಕು ಅನ್ನುವುದೂ ಇತ್ತು. ಅವಳದ್ದು ಇರಲಿಲ್ಲ.

ರಸ್ತೆ ತಡೆಯ ದಿನ ಟಿವಿಯವರು ಬಂದರು. ಸಾವಿರ ಜನ ಕೂತರೂ ಅವರಿಗೆ ಚಿತ್ರ ಸಾಲುವುದಿಲ್ಲ, ಅದು ನನಗೆ ಮೂವತ್ತು ವರ್ಷದಿಂದ ಗೊತ್ತು. ಗುಲಾಬಿ ಕೆಲಸ ಬಿಟ್ಟು ಧರಣಿಗೆ ಬಂದು ಹೆಂಗಸರ ನಡುವೆ ಕೂತಿದ್ದಳು. ನಾನು ಎಬ್ಬಿಸಿದೆ.

"ಕೋಲ್ ಮಡ್ಚಿ ಚೀಲಕ್ ಹಾಕ್."

"ಎಂತಕ್ಕೆ?"

"ಕೋಲ್ ಇದ್ರೆ ನೀನ್ ಆರಾಮಲ್ಲಿ ದಾಟ್ತಿ ಅಂದ್ ಕಾಣತ್ತ್. ಎರ್ಡ್ ಕೈ ಮುಂದೆ ಚಾಚ್. ತಡಕಾಡ್. ನಡುವಿಗೆ ಬಂದ್ ಹೆದ್ರಿ ನಿಲ್, ನಾನ್ ಬಂದ್ ಕೈ ಹಿಡಿತೆ."

"ನಂಗೆ ಹೆದ್ರಿಕೆ ಇಲ್ಲೆ ಅಲ್ದಾ?"

"ನೀನ್ ಹೆದ್ರದಿದ್ರೆ ಸರ್ಕಾರ ಹೆದ್ರುದಿಲ್ಲೆ."

"ನಿಮ್ಮ ಯಕ್ಷಗಾನಕ್ಕೆ ನಾನ್ ಸ್ತ್ರೀವೇಷವಾ?" ಅಂತ ಅವಳು ನಕ್ಕಳು. ಆದರೂ ಕೋಲು ಮಡಚಿದಳು. ಕೆಲಸ ಕೊಡಿಸಿದವಳ ಮಾತು ತೆಗೆದುಹಾಕುವುದು ಹೇಗೆ ಅಂತ ಮಡಚಿದಳು. ಅದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು.

ಖಾಲಿ ರಸ್ತೆಯಲ್ಲಿ ಅವಳು ಕೈ ಚಾಚಿ ತಡಕಾಡಿದಳು. ಗಾಡಿಯನ್ನೆಲ್ಲ ನಾವೇ ನಿಲ್ಲಿಸಿದ್ದೆವು. ಕ್ಯಾಮೆರಾದವನು ಇನ್ನೊಂದು ಸಲ ಅಂದ, ಇನ್ನೊಂದು ಸಲ ಮಾಡಿಸಿದೆ. ಮೈಕಿನಲ್ಲಿ ನಾನು ಕೂಗಿದೆ: "ಈ ಅಸಹಾಯಕ ಹೆಣ್ಣುಮಗಳು ದಿನಾ ಸಾವಿನ ಬಾಯಿಯಲ್ಲಿ ನಡೆಯುತ್ತಿದ್ದಾಳೆ! ಇವಳಿಗೆ ಏನಾದರೂ ಆದರೆ ಯಾರು ಜವಾಬ್ದಾರಿ?" ಧ್ವನಿ ಒಳ್ಳೆದಾಗಿ ಬಂತು. ಸಂಜೆಗೆ ಅದು ಊರಿನವರ ಫೋನಿಗೆ ಮುಟ್ಟಿತು, ರಾತ್ರಿಯೊಳಗೆ ಮುಂಬೈಗೆ. ಒಂದು ವರ್ಷದಲ್ಲಿ ಅಂಡರ್‌ಪಾಸ್ ಆಯಿತು. ಉದ್ಘಾಟನೆಯ ದಿನ ನಮ್ಮ ಹೋರಾಟ ಸಮಿತಿಯವರು ನನಗೆ ಶಾಲು ಹೊದೆಸಿದರು. ಇನ್ನು ಗುಲಾಬಿಯಂಥವರು ಧೈರ್ಯದಲ್ಲಿ ದಾಟಬಹುದು ಅಂತ ಭಾಷಣ ಮಾಡಿದೆ. ಗುಲಾಬಿ ಸಭೆಯಲ್ಲಿ ಇದ್ದಾಳೋ ಇಲ್ಲವೋ ಅಂತ ನೋಡಲಿಲ್ಲ.

ಈಗ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಅವಳು ಹೇಳಿದಳು. ಆ ವಿಡಿಯೊ ನೋಡಿ ಮುಂಬೈಯ ನೆಂಟರು ಗುಣಪಾಲನಿಗೆ ಫೋನ್ ಮಾಡಿದರಂತೆ, ಕಣ್ಣಿಲ್ಲದ ತಂಗಿಯನ್ನು ಹೈವೇಗೆ ಬಿಟ್ಟಿದ್ದೀಯಲ್ಲ, ನಿನ್ನ ಹೋಟೆಲಿನಲ್ಲಿ ಒಂದು ತಟ್ಟೆ ಅನ್ನಕ್ಕೆ ಬರಗಾಲವಾ ಅಂತ. ಅವನು ರಿಕ್ಷಾ ಮಾಡಿದ. ರಿಕ್ಷಾದವನು ನಾಲ್ಕು ತಿಂಗಳು ಬಂದು ಆಮೇಲೆ ಕೈಕೊಟ್ಟ. ಮತ್ತೆ ನಡೆದೇ ಹೋಗುತ್ತೇನೆ ಅಂತ ಇವಳು ಹೊರಟರೆ, ಫ್ಯಾಕ್ಟರಿಗೆ ಹೊಸದಾಗಿ ಬಂದ ಮ್ಯಾನೇಜರ್ ಸುಶಾಂತ್ ಒಬ್ಬಳೇ ಬರುವುದಾದರೆ ಬೇಡ ಅಂದ.

"ನಂಗೆ ಯಾಕೆ ಹೇಳಲಿಲ್ಲ?" ಅಂದೆ.

"ನೀವ್ ಕೇಂಡ್ರ್ಯಾ?"

ಹದಿನಾಲ್ಕು ತಿಂಗಳಲ್ಲಿ ನಾನು ಈ ದಾರಿಯಲ್ಲಿ ಇಪ್ಪತ್ತು ಸಲವಾದರೂ ಹೋಗಿದ್ದೇನೆ.

"ಈಗ ಅಂಡರ್‌ಪಾಸ್ ಇದೆಯಲ್ಲ," ಅಂದೆ. ಹೇಳುವಾಗಲೇ ನಾಚಿಕೆ ಆಯಿತು. ಆದರೂ ಹೇಳಿದೆ.

"ಬನ್ನಿ," ಅಂತ ಎದ್ದಳು. ಕೋಲು ಮೂಲೆಯಲ್ಲಿತ್ತು. ಬಿಡಿಸಿದಾಗ ಗಂಟಿನಿಂದ ಧೂಳು ಉದುರಿತು. ಒಳಗಿನಿಂದ ಬಾಗಿಯ ಸ್ವರ ಬಂತು, "ಹ್ವಾಯ್, ಎಲ್ಲಿಗೆ?" "ವನಜಕ್ಕನಿಗೆ ಅವ್ರ ಅಂಡರ್‌ಪಾಸ್ ತೋರ್ಸಿ ಬತ್ತೆ," ಅಂದಳು ಗುಲಾಬಿ.

ಮೋರಿಯ ತನಕ ನನಗಿಂತ ಜೋರಾಗಿ ನಡೆದಳು. ಡಿವೈಡರ್ ತುಂಡಾಗಿದ್ದ ಜಾಗಕ್ಕೆ ಈಗ ಎದೆಮಟ್ಟದ ಕಬ್ಬಿಣದ ಬೇಲಿ. ಅಂಡರ್‌ಪಾಸ್ ಆದ ಮಾರನೆ ದಿನವೇ ಮುಚ್ಚಿದ್ದು. ಮುಚ್ಚಬೇಕು ಅನ್ನುವುದು ನಮ್ಮ ಹದಿನೇಳರಲ್ಲಿ ಒಂಬತ್ತನೆಯದು. ಅಲ್ಲಿಂದ ಇನ್ನೂರು ಮೀಟರ್ ನಡೆದು ಅಂಡರ್‌ಪಾಸಿನ ಒಳಗೆ ಹೋದೆವು. ನಟ್ಟ ನಡುವೆ ನಿಲ್ಲಿಸಿ, "ಕಣ್ ಮುಚ್ಕಣಿ," ಅಂದಳು.

ಮುಚ್ಚಿದೆ. ಒಂದು ಬೈಕು ಬಂತು. ಎಡದಿಂದಲೋ ಬಲದಿಂದಲೋ ತಿಳಿಯಲಿಲ್ಲ. ತಲೆ ಮೇಲಿನ ಮಾಡು, ಗೋಡೆ, ನೆಲ ಎಲ್ಲ ಕಡೆಯಿಂದ ಬೈಕು ಬಂತು. ಮೇಲೆ ಲಾರಿ ಹೋದರೆ ಅದೂ ಕಿವಿಯೊಳಗೇ. ನಾನು ಕಣ್ಣು ಬಿಟ್ಟು ಗೋಡೆಗೆ ಅಂಟಿಕೊಂಡೆ. ಬೈಕಿನವನು ರಾಂಗ್ ಸೈಡಿನಲ್ಲಿ ಬಂದು, "ಎಂತ ಅಜ್ಜಿ, ಸಾಯ್ಲಿಕ್ಕುಂಟಾ?" ಅಂತ ಬೈದು ಹೋದ.

"ಇಲ್ಲಿ ತೂತೇ ಇಲ್ಲೆ ವನಜಕ್ಕ," ಅಂದಳು ಗುಲಾಬಿ. "ಪೂರ ಶಬ್ದವೇ."

"ತಪ್ಪಾಯ್ತ್ ಹೆಣ್ಣೆ," ಅಂದೆ. ನನ್ನ ಧ್ವನಿ ಗೋಡೆಗೆ ಬಡಿದು ದೊಡ್ಡದಾಗಿ ವಾಪಸು ಬಂತು. ಮೈಕಿನಲ್ಲಿ ಬರುತ್ತಿತ್ತಲ್ಲ, ಹಾಗೆಯೇ.

"ಅದೆಲ್ಲ ನಂಗ್ ಬ್ಯಾಡ. ಚೀಲದಲ್ಲಿ ಕಾಗ್ದ ಇತ್ತಾ?"

ನನ್ನ ಚೀಲದಲ್ಲಿ ಕಾಗದ ಯಾವತ್ತೂ ಇರುತ್ತದೆ. ಮೋರಿಕಟ್ಟೆಯ ಮೇಲೆ ಕೂತೆವು. ಅವಳು ಹೇಳಿದಳು, ನಾನು ಬರೆದೆ. ಹೆದ್ದಾರಿಯವರಿಗೆ ಒಂದೇ ಬೇಡಿಕೆ: ಕಬ್ಬಿಣದ ಬೇಲಿಯಲ್ಲಿ ಒಬ್ಬರು ಹೋಗುವಷ್ಟು ಜಾಗ ಬಿಡಿಸಿ, ಎರಡೂ ಬದಿಗೆ ಶಬ್ದ ಬರುವ ಪಟ್ಟಿ ಹಾಕಬೇಕು. ಬರೆದದ್ದು ಓದಿ ಅಂದಳು. ಓದಿದೆ.

"ಒಂದ್ ನಿಮ್ಷ. 'ಗುಲಾಬಿ ಎಂಬ ಅಸಹಾಯಕ' ಅಂದ್ರಿ. ನಾನ್ ಹೇಳಿದ್ನಾ ಅದ್?"

ಹೇಳಿರಲಿಲ್ಲ. ಕೈ ತಾನೇ ಬರೆದಿತ್ತು. ಮೂವತ್ತು ವರ್ಷ ಬರೆದ ಕೈ.

"ಹೊಡಿನಿ ಅದನ್ನ," ಅಂದಳು. ಹೊಡೆದೆ. "ಪೂರ ಹೊಡ್ದಾಯ್ತಾ? ಅಡಿಲಿ ಕಾಣ್ದ ಹಂಗೆ?" ಇನ್ನೊಮ್ಮೆ ಗೀರಿದೆ.

ಪಟ್ಟಿ ಬರುವ ತನಕ ಕಾಯಲಿಕ್ಕೆ ಅವಳು ತಯಾರಿರಲಿಲ್ಲ. ಮಾರನೆ ದಿನ ಫ್ಯಾಕ್ಟರಿಗೆ ಹೋದೆವು. ಸುಶಾಂತ್ ಮೂವತ್ತರ ಹುಡುಗ, ಮರ್ಯಾದೆಯವನು, ನಮಗೆ ಚಾ ತರಿಸಿದ.

"ಗುಲಾಬಕ್ಕನ ಕೆಲಸದಲ್ಲಿ ನಮಗೆ ತಕರಾರಿಲ್ಲ ಮೇಡಂ. ಬರುವ ದಾರಿ ಪ್ರಶ್ನೆ. ನಾಳೆ ಏನಾದರೂ ಆದರೆ ನೀವೇ ಧರಣಿ ಕೂರುತ್ತೀರಿ."

"ಹನ್ನೊಂದು ವರ್ಷ ಏನಾಗಿಲ್ಲ."

ಅವನು ಫೋನಿನಲ್ಲಿ ಆ ವಿಡಿಯೊ ತೆಗೆದು ಮೇಜಿನ ಮೇಲಿಟ್ಟ. ನನ್ನದೇ ಧ್ವನಿ. ಇವಳಿಗೆ ಏನಾದರೂ ಆದರೆ ಯಾರು ಜವಾಬ್ದಾರಿ? ಹಿಂದೊಮ್ಮೆ ಇದೇ ಮೇಜಿನ ಎದುರು ಕುರ್ಚಿ ಎಳೆದು ಕೂತವಳು ನಾನು. ಈಗ ಕೂತ ಕುರ್ಚಿಯೇ ನನ್ನನ್ನು ಒತ್ತಿ ಹಿಡಿದ ಹಾಗಾಯಿತು.

"ಅದು ಸುಳ್ಳು," ಅಂದೆ. "ನಾನು ಮಾಡಿಸಿದ ನಾಟಕ. ಕೋಲು ಚೀಲಕ್ಕೆ ಹಾಕಿಸಿದ್ದು ನಾನು. ಎರಡು ಸಲ ತಡಕಾಡಿಸಿದ್ದು ನಾನು."

ಸುಶಾಂತ್ ಗುಲಾಬಿಯ ಮುಖ ನೋಡಿದ. ಅವಳು ಚಾ ಕುಡಿಯುತ್ತಿದ್ದಳು. "ಒಳ್ಳೆ ಮಾಡಿದ್ದೆ ಅಲ್ದಾ ನಾನ್?" ಅಂದಳು.

"ಇದನ್ನು ಬರೆದುಕೊಡುತ್ತೀರಾ ಮೇಡಂ? ನಾನೂ ಮೇಲಿನವರಿಗೆ ತೋರಿಸಬೇಕಲ್ಲ."

ಸಮಿತಿಯ ಲೆಟರ್‌ಹೆಡ್ಡಿನಲ್ಲಿ ಬರೆದೆ. ಶಾಲು ಹೊದೆಸಿಕೊಂಡದ್ದೂ ಅದೇ ಸಮಿತಿಯ ಹೆಸರಿನಲ್ಲಿ. ಕೊನೆಯಲ್ಲಿ, ದಾರಿಯಲ್ಲಿ ಏನಾದರೂ ಆದರೆ ನಾನೇ ಜವಾಬ್ದಾರಿ ಅಂತ ಒಂದು ಸಾಲು ಸೇರಿಸಲಿಕ್ಕೆ ಹೊರಟೆ. ಗುಲಾಬಿ ಲೋಟ ಕೆಳಗಿಟ್ಟಳು.

"ಅದ್ ಬ್ಯಾಡ. ನನ್ನ ಕಾಲಿಗೆ ನಿಮ್ಮ ಸಹಿ ಎಂತಕ್ಕೆ? ಸುಳ್ ಹೇಳಿದ್ರಿ, ಅದ್ನ ಬರ್ದ್ ಕೊಡಿ. ನಡೂದ್ ನಾನ್."

ಅವಳ ಜವಾಬ್ದಾರಿಗೆ ಅವಳೇ ಸಹಿ ಹಾಕಿದಳು. ಹೆಬ್ಬೆಟ್ಟು ಒತ್ತಲಿಲ್ಲ, ಹೆಸರು ಬರೆದಳು. ಕಣ್ಣಿದ್ದಾಗ ಕಲಿತ ಅಕ್ಷರ, ಸಾಲು ಸ್ವಲ್ಪ ಮೇಲಕ್ಕೆ ಹೋಯಿತು. ಹದಿನೈದು ದಿನ ನೋಡುವ ಅಂದ ಸುಶಾಂತ್.

ಮನೆಯಲ್ಲಿ ಗುಣಪಾಲ ಕೂಗಾಡಿದ. ನನ್ನ ಮೇಲೆಯೇ. "ನಿಮ್ಗೆ ಬೇಕಾದಾಗ ಅವ್ಳಿಗೆ ದಾಟೂಕೆ ಬತ್ತಿಲ್ಲೆ, ನಿಮ್ಗೆ ಬೇಕಾದಾಗ ಬತ್ತ್! ಎಂತ ವನಜಕ್ಕ ಇದ್, ತಮಾಷೆಯಾ?" ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಗುಲಾಬಿಯೇ ಹೇಳಿದಳು. "ಅಣ್ಣ, ನಿನ್ನ ಹೋಟ್ಲಿನ ಬೆಳ್ಳುಳ್ಳಿ ನಾನ್ ಬಂದ್ಮೇಲೆ ಸಂಜಿಗೆ ಸುಲೀತೆ. ಬೆಳಿಗ್ಗೆ ನಾನಿಲ್ಲೆ."

"ಬಿದ್ರೆ?"

"ಬಿದ್ರೆ ಫೋನ್ ಮಾಡ್ತೆ."

ಅತ್ತಿಗೆ ಒಳಗೆ ನಕ್ಕಳು. ಗುಣಪಾಲನಿಗೆ ಆ ನಗೆಗೆ ಇನ್ನೂ ಸಿಟ್ಟು ಬಂತು. ಆದರೆ ಸೋಮವಾರ ಬೆಳಿಗ್ಗೆ ಅವನು ಹೋಟೆಲಿಗೆ ಬೇಗ ಹೋಗಿದ್ದ. ತಡೆಯಲಿಕ್ಕೆ ನಿಲ್ಲಲಿಲ್ಲ.

ಬೇಲಿ ಹಾಕಿದ ಜಾಗ ಬಿಟ್ಟು, ಆಚೆ ತಲ್ಲೂರು ಕಡೆಗೆ ಮುಕ್ಕಾಲು ಕಿಲೋಮೀಟರ್ ನಡೆದರೆ ಡಿವೈಡರಿನಲ್ಲಿ ಇನ್ನೊಂದು ತುಂಡು ಇದೆ. ಅಲ್ಲಿ ದಾಟಿ ವಾಪಸು ಅಷ್ಟೇ ದೂರ ಬರಬೇಕು. ನಮ್ಮ ಹೋರಾಟದ ದೆಸೆಯಿಂದ ಅವಳಿಗೆ ದಿನಕ್ಕೆ ಮೂರು ಕಿಲೋಮೀಟರ್ ಹೆಚ್ಚಿಗೆ. ಭಾನುವಾರ ಇಡೀ ದಿನ ಅವಳು ಬಾಗಿಯ ಜೊತೆ ಆ ಹೊಸ ದಾರಿಯ ಹೆಜ್ಜೆ ಎಣಿಸಿ ಬಂದಿದ್ದಳು.

ಸೋಮವಾರ ಏಳೂವರೆಗೆ ನಾನು ಮೋರಿಯ ಹತ್ತಿರ ಅಶ್ವತ್ಥ ಮರದ ಹಿಂದೆ ನಿಂತಿದ್ದೆ. ಹೇಳಿರಲಿಲ್ಲ. ಅವಳು ಬಂದಳು, ಕಟ್ಟೆಗೆ ಕೋಲು ತಾಗಿಸಿದಳು, ತಲ್ಲೂರು ಕಡೆಗೆ ತಿರುಗಿದಳು. ನಾನು ಮೂವತ್ತು ಹೆಜ್ಜೆ ಹಿಂದೆ ಹೋದೆ. ಏನಾದರೂ ಆದರೆ ಓಡಿ ಹೋಗಿ ಹಿಡಿಯುವ ಅಂತ. ಎಳೆಯುವ ಕಾಲಲ್ಲಿ ನಾನೆಲ್ಲಿಗೆ ಓಡುವುದು, ಅದು ಬೇರೆ.

ದಾಟುವ ಜಾಗಕ್ಕೆ ಬಂದು ಅವಳು ಅಂಚಿನಲ್ಲಿ ನಿಂತಳು. ಲಾರಿ ಹೋಯಿತು, ಬಸ್ಸು ಹೋಯಿತು, ಕಾರು ಹೋಯಿತು. ರಸ್ತೆ ಖಾಲಿ. ಅವಳು ದಾಟಲಿಲ್ಲ. ಮತ್ತೆ ಎರಡು ಗಾಡಿ, ಮತ್ತೆ ಖಾಲಿ. ಆಗಲೂ ಹೆಜ್ಜೆ ಎತ್ತಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಕಿವಿ ಹೋಯಿತು, ನಾನು ಅದನ್ನೂ ತಿಂದೆ ಅಂದುಕೊಂಡು ಹತ್ತಿರ ಹೋದೆ.

ಅವಳು ತಿರುಗದೆ ಕೂಗಿದಳು. "ಹ್ವಾಯ್ ವನಜಕ್ಕ! ನಿಮ್ಮ ಚಪ್ಲಿ ಒರೆಸೂ ಶಬ್ದದಲ್ಲಿ ನಂಗೆ ಸ್ಕೂಟ್ರ್ ಕೇಣ್ತಿಲ್ಲೆ. ಹೋಯ್ನಿ ಮನಿಗೆ!"

ನಿಂತೆ. ಚಪ್ಪಲಿ ಕೈಗೆ ತೆಗೆದುಕೊಂಡೆ. ಅದೂ ಕೇಳಿತೋ ಏನೋ, "ಹೋಯ್ನಿ ಅಂದೆ!" ಅಂದಳು. ಬರಿಗಾಲಲ್ಲಿ ಹಿಂದೆ ತಿರುಗಿದೆ. ಬೆನ್ನ ಹಿಂದೆ ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಕತ್ತು ತಿರುಗಿಸಲಿಕ್ಕೆ ಹೊರಟದ್ದನ್ನು ಹಿಡಿದುಕೊಂಡು ನಡೆದೆ. ಅಷ್ಟು ಕಷ್ಟದ ಮುಕ್ಕಾಲು ಕಿಲೋಮೀಟರ್ ನಾನು ಯಾವ ಪಾದಯಾತ್ರೆಯಲ್ಲೂ ನಡೆದಿಲ್ಲ.

ಮೋರಿಕಟ್ಟೆಯ ಮೇಲೆ ಕೂತಿದ್ದೆ. ಎಂಟೂ ಇಪ್ಪತ್ತಕ್ಕೆ ಫೋನ್ ಬಂತು. ಹಿಂದಿನಿಂದ ಬೀಜ ಟ್ರೇಗೆ ಸುರಿಯುವ ಶಬ್ದ, ಹೆಂಗಸರ ಗಲಾಟೆ.

"ಮುಟ್ಟಿದೆ," ಅಂದಳು ಗುಲಾಬಿ. "ಪಟ್ಟಿದ್ ಕಾಗ್ದ ಕೊಟ್ರ್ಯಾ?"

ಆ ಕಾಗದ ಐದು ದಿನದಿಂದ ನನ್ನ ಚೀಲದಲ್ಲೇ ಇತ್ತು.

"ಇಲ್ಲ," ಅಂದೆ. ಮೋರಿಕಟ್ಟೆಯ ಎದುರು ಒಂದು ಲಾರಿ ಹೋಯಿತು.

"ಮತ್ತೆಂತ ಮಾಡ್ತಿದ್ರಿ ಅಲ್ಲಿ ಕೂಕಂಡ್?" ಅಂತ ಫೋನ್ ಇಟ್ಟಳು.

ಕಾಗದ ಕೊಡಬೇಕಾದ ಆಫೀಸು ಇದ್ದದ್ದು ಕುಂದಾಪುರದಲ್ಲಿ. ಅಲ್ಲಿಯ ಬಸ್ಸು ಬರುತ್ತಿತ್ತು. ಚಪ್ಪಲಿ ಹಾಕಿಕೊಂಡು ಕೈ ಅಡ್ಡ ಹಿಡಿದೆ.